ಪಡಸಾಲೆಯ ಕರಿ ಕುರ್ಚಿಗಳು

ನಮ್ಮ ಹೊಲದ ಮನೆಯ ಪಡಸಾಲೆಯಲ್ಲಿ ನನ್ನ ಅಕ್ಕನ ಗಂಡ ಜೋಳದ ಚೀಲದ ಮೇಲಿಂದ ಜಾರಿ ಬಿದ್ದದ್ದು ಎರಡು ಕ್ಷಣದ ಕೆಲಸ. ಅದನ್ನು ನಾನು ಮಾಡಿ ತೋರಿಸಿದ್ದು ಮಾತ್ರ ಅರ್ಧ ತಾಸು. ತಪ್ಪಾದದ್ದು ಅಲ್ಲಿ.

ಎಪ್ಪತ್ತರ ದಶಕದ ನಡುವಿನ ಒಂದು ಪಂಚಮಿ ಹಬ್ಬ ಅದು. ಮುರಗೋಡದಿಂದ ಎರಡು ಮೈಲಿ ಒಳಗೆ, ಎರೆಹೊಲದ ನಡುವೆ ನಮ್ಮ ಮನೆ. ಸುತ್ತಲೂ ಕರಿಮಣ್ಣು, ನಡುವೆ ಒಂದು ಮಣ್ಣಿನ ಮಾಳಿಗೆ, ಅದರೊಳಗೆ ನಾನು. ಅಪ್ಪ ಅವ್ವ ಒಬ್ಬರ ಹಿಂದೊಬ್ಬರು ಹೋಗಿಬಿಟ್ಟಿದ್ದರು. ಇದ್ದ ಒಬ್ಬ ಅಕ್ಕನನ್ನು ರಾಮದುರ್ಗಕ್ಕೆ ಕೊಟ್ಟಿತ್ತು. ಪಂಚಮಿಗೆ ತಮ್ಮನಾದವನು ಹೋಗಿ ಅಕ್ಕನನ್ನು ಕರೆತರುವುದು ನಮ್ಮ ಕಡೆಯ ವಾಡಿಕೆ. ನಾನೂ ಕರೆತಂದಿದ್ದೆ. ಜೊತೆಗೆ ಮಾಮಾ ಕೂಡ ಬಂದಿದ್ದರು. ಅಕ್ಕನ ಗಂಡನನ್ನು ನಾನು ಮಾಮಾ ಎಂದೇ ಕರೆಯುವುದು.

ಮಾಮಾ ಕಚೇರಿಯಲ್ಲಿ ಕಾರಕೂನರು. ಕೂಡುವ ಮೊದಲು ಧೋತರದ ಚುಂಗನ್ನು ಎರಡು ಬೆರಳಲ್ಲಿ ಎತ್ತಿ, ಹಿಂದೆ ತಿರುಗಿ ಕುರ್ಚಿ ಇದ್ದಲ್ಲೇ ಇದೆಯೋ ಇಲ್ಲವೋ ನೋಡಿ, ಒಮ್ಮೆ ಕೆಮ್ಮಿ, ಆಮೇಲೆ ಕಾಗದಕ್ಕೆ ಮೊಹರು ಒತ್ತಿದ ಹಾಗೆ ಕೂಡುತ್ತಿದ್ದರು. ನಮ್ಮ ಮನೆಯಲ್ಲಿ ಕುರ್ಚಿ ಎಲ್ಲಿಯದು? ಗೋಡೆಗೆ ಒರಗಿಸಿದ ಜೋಳದ ಚೀಲದ ಮೇಲೆ ಅಷ್ಟೂ ಶಾಸ್ತ್ರ ಮಾಡಿ ಕೂತರು. ಚೀಲ ವಾಲಿತು. ಮಾಮಾ ನೆಲದ ಮೇಲೆ.

ಮರುದಿನ ಜೋಕಾಲಿ ಆಡಲು ಸುತ್ತಲ ಹೊಲದ ಹೆಂಗಸರು ಬಂದಿದ್ದರು. ನನ್ನ ಮೈಯಲ್ಲಿ ಕೂತಿರುವ ಮಂಗ ಸುಮ್ಮನಿರುತ್ತದೆಯೇ? ಚುಂಗು ಎತ್ತಿದೆ, ತಿರುಗಿ ನೋಡಿದೆ, ಕೆಮ್ಮಿದೆ, ಕೂತೆ, ಬಿದ್ದೆ. ಮತ್ತೆ ಎದ್ದು ಮತ್ತೆ ಬಿದ್ದೆ. ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಅದನ್ನೂ ಮಾಮಾ ಸಹಿಸುತ್ತಿದ್ದರೇನೋ. ಆದರೆ ಜೋಕಾಲಿಯ ಮೇಲಿಂದ ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕ. ಬಾಗಿಲಲ್ಲಿ ನಿಂತು ಅವರು ಅದನ್ನು ನೋಡಿದರು.

ಸಂಜೆಯ ಬಸ್ಸಿಗೇ ಅಕ್ಕನನ್ನು ಹೊರಡಿಸಿದರು. ಹೊಸ್ತಿಲು ದಾಟುವಾಗ ನನ್ನ ಕಡೆ ತಿರುಗಿ, ಕಚೇರಿಯಲ್ಲಿ ಹುಕುಂ ಓದುವ ದನಿಯಲ್ಲೇ ಹೇಳಿದರು:

"ನಿನ್ನ ಮನ್ಯಾಗ ಮನಿಶ್ಯಾ ಕುಂಡ್ರುವಂಥಾ ಕುರ್ಚಿ ಬರ್ಲಿ. ಆಮ್ಯಾಲ ಹಬ್ಬಕ್ಕ ನಿಮ್ಮ ಅಕ್ಕನ್ನ ಕರ್ಯಾಕ ಬಾ. ಅಲ್ಲೀತನಾ ಬರಬ್ಯಾಡ."

"ಎಂಥಾ ಕುರ್ಚಿ ಬೇಕ್ರಿ ಮಾಮಾ?" ಅಂದೆ. ಆಗಲೂ ನನಗೆ ಅದು ಚೇಷ್ಟೆಯೇ.

"ಕಿತ್ತೂರಿನ ಬಂಗಲೇದಾಗ ಸಾಹೇಬರ ಕುರ್ಚಿ ಅದಾವ, ಹೋಗಿ ನೋಡ. ಕರೇವು. ಮಾರಿ ಕಾಣತದ ಅದರಾಗ."

ಅಕ್ಕ ಗಂಡನ ಹಿಂದೆ ಬದುವಿನ ಮೇಲೆ ನಡೆದು ಹೋದಳು.

ಅದಾದ ಮೇಲೆ ಒಂದು ಪಂಚಮಿ ಹಾಗೆಯೇ ಕಳೆಯಿತು. ಮನೆಯಲ್ಲಿ ನಾನೊಬ್ಬನೇ, ಆದರೆ ಗದ್ದಲ ನಾಲ್ಕು ಜನರದ್ದು. ಒಲೆ ಹೊತ್ತಿಸುವಾಗ ಬೈಲಹೊಂಗಲದ ಬಸ್ಸಿನ ಕಂಡಕ್ಟರ್ ಆಗುತ್ತಿದ್ದೆ. ರೊಟ್ಟಿ ಬಡಿಯುವಾಗ ನನ್ನ ರೊಟ್ಟಿಯನ್ನು ನಾನೇ ಹೀಯಾಳಿಸುವ ಅತ್ತೆಯಾಗುತ್ತಿದ್ದೆ. "ಇದ ರೊಟ್ಟೀನೋ, ಭಾರತದ ನಕಾಶೇನೋ?" ಎಂದು ಅತ್ತೆ ಕೇಳಿದರೆ, "ತಿನ್ನೋದಾದ್ರ ತಿನ್ನ, ಇಲ್ಲಾಂದ್ರ ಗ್ವಾಡಿಗೆ ಹಚ್ಚ" ಎಂದು ಸೊಸೆಯ ದನಿಯಲ್ಲಿ ನಾನೇ ಜಗಳಾಡುತ್ತಿದ್ದೆ. ಹೊತ್ತು ಮುಳುಗುವಾಗ ಮಾತ್ರ ಬೇರೆ. ಆಗ ಪಡಸಾಲೆಯಲ್ಲಿ ಕೂತು ಅಪ್ಪನ ಹಾಗೆ ಕೆಮ್ಮುತ್ತಿದ್ದೆ. ಬದುವಿನ ಮೇಲೆ ಹೋಗುವವರಿಗೆ ಈ ಮನೆಯಲ್ಲಿ ಹಿರಿಯರೊಬ್ಬರು ಇದ್ದಾರೆ ಅನ್ನಿಸಲಿ ಎಂದು ಶುರು ಮಾಡಿದ್ದು. ಆಮೇಲೆ ಬದುವಿನ ಮೇಲೆ ಯಾರೂ ಇಲ್ಲದಾಗಲೂ ಕೆಮ್ಮತೊಡಗಿದೆ.

ಪಕ್ಕದ ಹೊಲದ ದೊಡ್ಡವ್ವ ಒಂದು ದಿನ ಮಜ್ಜಿಗೆ ತಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಲೇ, ಯಾರೋ ಒಳಗ? ನಿಮ್ಮಪ್ಪ ಕೆಮ್ಮಿದಂಗಾತಲ್ಲೋ!"

"ನಾನ ದೊಡ್ಡವ್ವಾ."

"ಸತ್ತವರನ್ನರ ಬಿಡೋ ಮಾರಾಯಾ," ಎಂದು ಬೈದು, ಮಜ್ಜಿಗೆಯ ತಂಬಿಗೆ ಇಟ್ಟು, ಗೋಡೆಗೆ ಒರಗಿ ಕೂತಳು. ಆಮೇಲೆ ಮೆಲ್ಲಗೆ, "ಇನ್ನೊಮ್ಮೆ ಕೆಮ್ಮ ನೋಡೂಣು" ಅಂದಳು.

ಎರಡನೆಯ ಪಂಚಮಿಗೆ ಮೂರು ತಿಂಗಳಿರುವಾಗ ನಿರ್ಧಾರ ಮಾಡಿದೆ. ಕುರ್ಚಿ ಮಾಡಿಸುವುದು, ಕರಿ ಕುರ್ಚಿಯೇ. ಪಡಸಾಲೆಯನ್ನು ಕಿತ್ತೂರಿನ ಬಂಗಲೆ ಮಾಡಿಬಿಡುವುದು. ಬಂಗಲೆ ನೋಡಲೆಂದು ಕಿತ್ತೂರಿಗೂ ಹೋಗಿ ಬಂದೆ. ಒಳಗೆ ಬಿಡಲಿಲ್ಲ. ಕಿಟಕಿಯ ಗಾಜಿಗೆ ಮೂಗು ಒತ್ತಿ ನೋಡಿದೆ. ಬಿಳಿ ಗೋಡೆ, ಕರಿ ಕುರ್ಚಿ, ಕರಿ ಮೇಜು. ನಡುವೆ ಬೇರೆ ಏನೂ ಇಲ್ಲ. ಕುರ್ಚಿಯಲ್ಲಿ ಯಾರ ಮಾರಿಯೂ ಕಾಣಲಿಲ್ಲ. ಗಾಜಿನಲ್ಲಿ ಮಾತ್ರ ನನ್ನದು ಕಂಡಿತು, ಮೂಗು ಚಪ್ಪಟೆಯಾಗಿತ್ತು.

ನಮ್ಮ ಬದುವಿನಲ್ಲಿ ಕಡಿದು ಒಣಗಿಸಿದ ಜಾಲಿ ಇತ್ತು. ಎರಡು ಕುರ್ಚಿಗೆ, ಒಂದು ಸಣ್ಣ ಟೇಬಲ್ಲಿಗೆ ಸಾಕು. ಆದರೆ ಬೆನ್ನು ಇರುವ ಒಂದು ಬಾಕು ಬೇಡವೇ, ಅಕ್ಕ ಮಾಮಾ ಜೋಡಿಯಾಗಿ ಕೂಡಲು? ಕಟ್ಟಿಗೆ ಹುಡುಕುತ್ತ ಅಡುಗೆಮನೆಯ ಅಟ್ಟದ ಮೇಲೆ ಕಣ್ಣು ಹಾಕಿದೆ. ಅಲ್ಲಿ ಕೂರಿಗೆ ಇತ್ತು.

ಬೀಜ ಬಿತ್ತುವ ಕೂರಿಗೆ. ಮೊಳಕಾಲಿನಷ್ಟು ದಪ್ಪದ ದಿಂಡು, ಅದರಲ್ಲಿ ನಾಲ್ಕು ತೂತು, ಆ ತೂತುಗಳಲ್ಲಿ ನೆಲ ಸೀಳುವ ನಾಲ್ಕು ತಾಳು, ಎತ್ತಿನ ನೊಗದವರೆಗೆ ಚಾಚುವ ಎರಡು ಉದ್ದ ಈಸು, ಕಾಳು ಹಾಕಲು ಮರದ ಬಟ್ಟಲು. ಅಜ್ಜನ ಕಾಲದ್ದು. ಬಿತ್ತಿಗೆ ಮುಗಿದ ಮೇಲೆ ವರ್ಷವೆಲ್ಲ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಕುಡಿದು ಅದರ ಮೈ ಕಾಡಿಗೆಯ ಹಾಗೆ ಕರ್ರಗಾಗಿತ್ತು. ಅದರ ಬಟ್ಟಲಿಗೆ ಕಾಳು ಬಿಡುವುದು ನಮ್ಮ ಮನೆಯಲ್ಲಿ ಹೆಂಗಸರ ಕೆಲಸ. ಎತ್ತುಗಳ ಹಿಂದೆ ನಡೆಯುತ್ತ, ಮುಷ್ಟಿಯಿಂದ ನಾಲ್ಕೂ ತೂತಿಗೆ ಸಮವಾಗಿ ಬೀಳುವಂತೆ ಬೆರಳ ಸಂದಿಯಿಂದ ಕಾಳು ಬಿಡಬೇಕು. ಮೊದಲು ಅವ್ವ ಬಿಡುತ್ತಿದ್ದಳು. ಅವ್ವ ಹೋದ ಮೇಲೆ ಅಕ್ಕ. ಲಗ್ನವಾದ ಮೇಲೂ ಮೂರು ವರ್ಷ ಬಿತ್ತಿಗೆಗೆಂದು ಬಂದು ಹೋಗುತ್ತಿದ್ದಳು. ಈ ಜಗಳವಾದ ಮೇಲೆ ನಾನು ಬಿತ್ತಿಗೆಯನ್ನು ಪಕ್ಕದವರ ಕೂರಿಗೆಗೆ, ಕೂಲಿಯ ಕೈಗೆ ಒಪ್ಪಿಸಿಬಿಟ್ಟಿದ್ದೆ. ಅಕ್ಕನಿಲ್ಲದೆ ಅದನ್ನು ಕೆಳಗಿಳಿಸುವ ಮನಸ್ಸಾಗಿರಲಿಲ್ಲ ಎಂದು ಈಗ ಬರೆದರೆ ಚಂದ ಕಾಣುತ್ತದೆ. ನಿಜ ಹೇಳಬೇಕೆಂದರೆ ಒಬ್ಬನಿಂದ ಅದನ್ನು ಇಳಿಸಲು ಆಗುತ್ತಿರಲಿಲ್ಲ.

ಕುರ್ಚಿಯ ಆಸೆಗೆ ಮಾತ್ರ ಆಯಿತು. ಒಬ್ಬನೇ ಇಳಿಸಿದೆ, ತಾಳು ಬಡಿದು ತೆಗೆದೆ, ಈಸು ಬಿಚ್ಚಿದೆ. ಊರ ಬಡಿಗೇರ ಇದಕ್ಕೆ ಉಳಿ ಹಚ್ಚುವುದಿಲ್ಲ ಎಂದು ಗೊತ್ತಿತ್ತು. ಕೂರಿಗೆ ಎಂದರೆ ಪೂಜೆ ಮಾಡುವ ವಸ್ತು. ಕಾಲು ತಾಗಿದರೆ ಕೈ ಮುಗಿಯುತ್ತೇವೆ. ಗೊತ್ತಿದ್ದೂ ಬರೀ ಮರ ಎಂದು ನನಗೆ ನಾನೇ ಹೇಳಿಕೊಂಡೆ. ಬಂಡಿಗೆ ಹಾಕಿಕೊಂಡು ಸವದತ್ತಿಗೆ ಒಯ್ದೆ. ಅಲ್ಲಿ ಬಾಗಿಲು, ಮಂಚ ಮಾಡುವ ಒಬ್ಬ ಮುದುಕ ಬಡಿಗೇರನಿದ್ದ. ಅವನು ದಿಂಡನ್ನು ತಿರುವಿ ತಿರುವಿ ನೋಡಿದ.

"ಎಲ್ಲೀದೋ ಇದು?"

"ಅಟ್ಟದ್ದರಿ ಅಜ್ಜಾ." ಅದು ಸುಳ್ಳಲ್ಲವಲ್ಲ.

"ಈ ತೂತು ಯಾತರದ್ದು?"

"ಇಲಿ ಕಡದಾವ್ರಿ."

"ನಾಲ್ಕೂ ಒಂದ ಅಳತೀಲೆ ಕಡದಾವ. ನಿಮ್ಮೂರ ಇಲಿ ಸಾಲಿ ಕಲತಾವೇನು?"

ನಾನು ಹಲ್ಲು ಕಿರಿದೆ. ಅವನು ನಗಲಿಲ್ಲ. "ಬೆನ್ನಿಗೆ ಹಾಕ್ತೇನಿ. ಕುಂಡ್ರೂ ಜಾಗಾಕ್ಕ ಬ್ಯಾಡ" ಅಂದ. ನಾನು ಕೇಳಲಿಲ್ಲ. ಇದ್ದುದರಲ್ಲಿ ಗಟ್ಟಿ ಕಟ್ಟಿಗೆ ಅದೇ, ಮಾಮಾ ಇನ್ನೊಮ್ಮೆ ಬಿದ್ದರೆ ನನ್ನ ಗತಿ ಏನು? ಸೀಳಿಸಿ ಕೂಡುವ ಹಲಗೆಗೇ ಹಾಕಿಸಿದೆ. ತೂತು ಮುಚ್ಚಲೇ ಎಂದು ಕೇಳಿದಾಗ, ಮುಚ್ಚಿದರೆ ಬಣ್ಣ ಕೂಡುವುದಿಲ್ಲ, ಇರಲಿ ಅಂದೆ. "ಇರ್ಲಿ. ಬ್ಯಾಸಗ್ಯಾಗ ಗಾಳಿ ಆಡತದ" ಎಂದ ಮುದುಕ. ಅವನ ನಾಲಿಗೆ ನನ್ನದಕ್ಕಿಂತ ಹರಿತ.

ಬಾಕು ತಾನಾಗಿಯೇ ಕರ್ರಗೆ. ಜಾಲಿಯ ಕುರ್ಚಿ ಟೇಬಲ್ಲು ಅದಕ್ಕೆ ಹೊಂದಬೇಕಲ್ಲ. ಬಡಿಗೇರನೇ ಉಪಾಯ ಹೇಳಿಕೊಟ್ಟ. ಅಳಲೆಕಾಯಿ ಕುಟ್ಟಿ ನೀರಲ್ಲಿ ನೆನೆಹಾಕಿ, ತುಕ್ಕು ಹಿಡಿದ ಮೊಳೆ, ಎತ್ತಿನ ಲಾಳ ಎಲ್ಲ ಅದರಲ್ಲಿ ಬಿಟ್ಟು ಎಂಟು ದಿನ ಇಟ್ಟರೆ ಮಸಿಯಂಥ ನೀರಾಗುತ್ತದೆ. ಅದನ್ನು ಮೂರು ಕೈ ಹಚ್ಚಿ, ಒಣಗಿದ ಮೇಲೆ ಅಗಸೆ ಎಣ್ಣೆ ತಿಕ್ಕಬೇಕು. ತಿಕ್ಕಿದೆ. ಕುರ್ಚಿಗಿಂತ ಮೊದಲು ನಾನು ಕರ್ರಗಾದೆ. ಎಂಟು ದಿನ ಪ್ರತಿ ರೊಟ್ಟಿಯ ಮೇಲೂ ನನ್ನ ಐದು ಬೆರಳ ಗುರುತು. ಕೋರ್ಟಿಗೆ ಸಾಕ್ಷಿ ಹಾಕಬಹುದಾದಂಥ ರೊಟ್ಟಿಗಳು.

ಗೋಡೆಗೆ ಸುಣ್ಣ ಬಳಿದೆ. ಬೆಳ್ಳಗೆ ಹೊಳೆಯಲೆಂದು ನೀಲಿ ಕೂಡಿಸಿದ್ದು ಒಂದು ಚಿಟಿಕೆ ಹೆಚ್ಚಾಗಿ, ಒಂದು ಗೋಡೆ ಆಕಾಶವಾಯಿತು. ನೆಲ ಸೆಗಣಿಯಿಂದ ಸಾರಿಸಿ ಅಂಚಿಗೆ ಕೆಮ್ಮಣ್ಣು ಎಳೆದೆ. ಜೋಳದ ಚೀಲಗಳನ್ನು ಒಳಗೆ ಸಾಗಿಸಿದೆ. ಅವ್ವನ ಹಳೆ ಸೀರೆಗಳನ್ನು ಹೊಲಿದು ಮಾಡಿದ್ದ ಕೌದಿಯೊಂದಿತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಬಾಕಿನ ಬೆನ್ನಿಗೆ ಇಳಿಬಿಟ್ಟೆ. ಕರಿಯ ಮೇಲೆ ಆ ಕೆಂಪು ಹಸಿರು ತುಂಡುಗಳು ಎದ್ದು ಕಂಡವು. ಟೇಬಲ್ಲಿನ ಮೇಲೆ ಕೂರಿಗೆಯ ಬಟ್ಟಲನ್ನು ಇಟ್ಟು, ಅದರ ತೂತುಗಳ ಮೇಲೆ ಎಲೆ ಹಾಸಿ ಅಡಿಕೆ ತುಂಬಿದೆ. ಬಾಗಿಲ ಹೊರಗೆ ಹೋಗಿ, ಮಾಮಾನ ಹಾಗೆ ಕೆಮ್ಮಿ ಒಳಗೆ ಬಂದು ನೋಡಿದೆ. ನಿಜ ಹೇಳುತ್ತೇನೆ, ನನ್ನದೇ ಮನೆ ನನ್ನನ್ನು ಯಾರಪ್ಪ ನೀನು ಎಂದು ಕೇಳಿದ ಹಾಗಾಯಿತು. ಮೂರು ಆಸನದಲ್ಲೂ ಒಂದೊಂದು ಸಲ ಕೂತು, ನನ್ನನ್ನು ನಾನೇ "ಚಾ ತಗೋರಿ" ಎಂದು ಉಪಚರಿಸಿದೆ. ಚಾ ಮಾಡಿರಲಿಲ್ಲ.

ಮೊದಲು ನೋಡಲು ಬಂದವಳು ದೊಡ್ಡವ್ವ. "ಏನ ಚಂದ ಮಾಡೀಯೋ" ಎಂದು ಗೋಡೆ ಸವರಿದಳು, ಕುರ್ಚಿಯ ಕೈ ಸವರಿದಳು. ಬಾಕಿನ ಹತ್ತಿರ ಬಂದು ನಿಂತಳು.

"ಕುಂಡ್ರ ದೊಡ್ಡವ್ವಾ."

"ಒಲ್ಲೆಪಾ." ಕೂರಿಗೆಯ ತೂತನ್ನು ಬೆರಳಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. "ನಿಮ್ಮ ಅಕ್ಕಗ ಹೇಳೀಯೇನು?"

"ಬಂದು ನೋಡ್ತಾಳ. ಹಿಗ್ಗತಾಳ."

"ಹಿಗ್ಗಿದ್ರ ಚಲೋ ಆತು," ಎಂದು ನೆಲದ ಮೇಲೆ ಕೂತಳು.

ಮುದುಕಿಗೆ ಕುರ್ಚಿ ರೂಢಿಯಿಲ್ಲ ಎಂದುಕೊಂಡು ನಾನು ರಾಮದುರ್ಗಕ್ಕೆ ಹೋದೆ. ಮಾಮಾ ಪಡಸಾಲೆಯಲ್ಲೇ ಇದ್ದರು. ಬಂದ ಕೆಲಸ ಹೇಳಿದೆ.

"ಕುರ್ಚಿ ಆಗ್ಯಾವ್ರಿ ಮಾಮಾ."

"ಎಂಥಾವು?"

"ಕರೇವು. ಎರಡು ಕುರ್ಚಿ, ಒಂದು ಬಾಕು, ಒಂದು ಟೇಬಲ್."

"ಮಾರಿ ಕಾಣತದೇನು?"

"ನನ್ನ ಮಾರಿ ಕಂಡಿತ್ರಿ. ಅಂಜಿ, ಮ್ಯಾಲ ಇನ್ನೊಂದ ಕೈ ಎಣ್ಣಿ ಹಚ್ಚೇನಿ."

ಮಾಮಾನ ಮೀಸೆಯ ಕೆಳಗೆ ಏನೋ ಅಲುಗಾಡಿತು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಎರಡು ವರ್ಷದಲ್ಲಿ ತೆಳ್ಳಗಾಗಿದ್ದಳು. "ಹೊರಡ್ತೇವಿ, ನೀ ಮುಂದ ನಡಿ" ಅಂದರು ಮಾಮಾ. ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಯಾರನ್ನೂ ಅಣಕಿಸಲಿಲ್ಲ. ಅಷ್ಟು ಸಂತೋಷವಾಗಿತ್ತು.

ಪಂಚಮಿಗೆ ಎರಡು ದಿನ ಮೊದಲು, ರೊಟ್ಟಿ ಹಬ್ಬದ ಬೆಳಿಗ್ಗೆ ಬಂದರು. ಮಾಮಾ ಮೊದಲು ಒಳಗೆ ಬಂದು ನಿಂತು, ಗೋಡೆಯಿಂದ ಗೋಡೆಗೆ ನೋಡಿದರು. ಆಮೇಲೆ ಒಂದು ಕುರ್ಚಿಯ ಮುಂದೆ ಹೋಗಿ ಚುಂಗು ಎತ್ತಿದರು, ತಿರುಗಿ ನೋಡಿದರು, ಕೆಮ್ಮಿದರು, ಕೂತರು. ಕುರ್ಚಿ ಕದಲಲಿಲ್ಲ.

"ಭೇಷ್!" ಎಂದರು. "ಏ, ಬಾ ಇಲ್ಲೆ. ನೋಡ ನಿನ್ನ ತಮ್ಮ ಏನ ಮಾಡ್ಯಾನ. ಕುಂಡ್ರ ಅಲ್ಲೆ ಬಾಕಿನ ಮ್ಯಾಲ."

ಅಕ್ಕ ಕಾಲು ತೊಳೆದು ಒಳಗೆ ಬಂದಳು. ಕೌದಿಯನ್ನು ನೋಡಿ ಮುಖ ಅರಳಿತು. ಹತ್ತಿರ ಬಂದು ಕೌದಿಯ ಅಂಚು ಹಿಡಿದಳು. ಆಗ ಕೆಳಗಿನ ಹಲಗೆ ಕಂಡಿತು. ಬಗ್ಗಿ, ಒಂದು, ಎರಡು, ಮೂರು, ನಾಲ್ಕು, ತೂತುಗಳ ಮೇಲೆ ಬೆರಳಾಡಿಸಿದಳು.

"ಇದು ಅವ್ವನ ಕೂರಿಗಿ," ಅಂದಳು.

ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಅಟ್ಟದ ಮ್ಯಾಲ ಹೊಗಿ ಕುಡಕೋಂತ ಬಿದ್ದಿತ್ತವಾ. ಈಗ ಪಡಸಾಲ್ಯಾಗ ಮರ್ಯಾದಿಲೇ ಕುಂತೈತಿ ನೋಡ."

ಯಾರೂ ನಗಲಿಲ್ಲ. ಮಾಮಾ ಕುರ್ಚಿಯಿಂದ ಎದ್ದುಬಿಟ್ಟರು. ಅವರೂ ಒಕ್ಕಲುತನದ ಮನೆಯಲ್ಲಿ ಹುಟ್ಟಿದವರೇ. "ಕೂರಿಗಿ ಕೊಯ್ಸಿದ್ಯಾ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಅದರಲ್ಲಿ ಹುಕುಂ ಇರಲಿಲ್ಲ.

ಅಕ್ಕ ಟೇಬಲ್ಲಿನ ಮೇಲಿನ ಅಡಿಕೆಯನ್ನು ಸುರಿದು, ಬಟ್ಟಲನ್ನು ಸೆರಗಿನಿಂದ ಒರೆಸಿ, ಎದೆಗೆ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಆ ದಿನವೆಲ್ಲ ಅಲ್ಲೇ ಇದ್ದಳು. ರೊಟ್ಟಿ ಬಡಿದಳು, ಕಾಳು ಪಲ್ಯ ಮಾಡಿದಳು, ಸುತ್ತಲಿನವರಿಗೆ ರೊಟ್ಟಿ ಬೀರಲು ಹಿಂಬಾಗಿಲಿನಿಂದ ಹೋಗಿ ಹಿಂಬಾಗಿಲಿನಿಂದಲೇ ಬಂದಳು. ಪಡಸಾಲೆಗೆ ಮತ್ತೆ ಕಾಲಿಡಲಿಲ್ಲ. ಮಾಮಾ ನೆಲದ ಮೇಲೆ ಚಾಪೆ ಹಾಸಿಕೊಂಡು ಉಂಡರು. ಕುರ್ಚಿಗಳು ನಮ್ಮನ್ನು ನೋಡುತ್ತಿದ್ದವು.

ಮಧ್ಯಾಹ್ನ ನಾನು ಒಲೆಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ.

"ಸಿಟ್ಟಾಗೀಯೇನಕ್ಕಾ?"

"ಇಲ್ಲ."

"ಬೈಯಾರ ಬೈ."

"ಬೈದ್ರ ನಾಳಿಗಿ ಅದನ್ನೂ ಮಾಡಿ ತೋರಸ್ತಿ."

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಅವರು ಕುರ್ಚಿ ಬರೂತನಾ ಬರಬ್ಯಾಡ ಅಂದಿದ್ದು ಹಬ್ಬಕ್ಕಷ್ಟ. ಬಿತ್ತಿಗಿಗೆ ಬಂದು ಕರದಿದ್ರ ಅವರೂ ಒಲ್ಲೆ ಅಂತಿದ್ದಿಲ್ಲ, ನಾನೂ ನಿಲ್ತಿದ್ದಿಲ್ಲ. ಎರಡ ವರ್ಷಾತು ದಾರಿ ನೋಡೇನಿ."

"ನೀ ಹಬ್ಬಕ್ಕ ಬರೋದ ದೊಡ್ಡದು ಅಂತ ತಿಳಕೊಂಡಿದ್ನಿ."

"ಜೋಕಾಲಿ ರಾಮದುರ್ಗದಾಗೂ ಐತೋ." ಒಲೆಗೆ ಕಟ್ಟಿಗೆ ನೂಕಿ, "ಅಟ್ಟದ ಮ್ಯಾಲ ಕೂರಿಗಿ ಐತಿ, ಇಂದಿಲ್ಲ ನಾಳಿಗಿ ಕರೀತಾನ ಅಂತಿದ್ನಿ" ಅಂದಳು. "ಅಷ್ಟ."

ನಾಲ್ಕು ದಿನಕ್ಕೆಂದು ಬಂದವಳು ಮರುದಿನ ನಾಗಚೌತಿಗೆ ಹುತ್ತಕ್ಕೆ ಹಾಲೆರೆದು ಬಂದು ಚೀಲ ಕಟ್ಟಿದಳು. ಇರೋಣ ಎಂದವರು ಮಾಮಾ. "ಇನ್ನೆರಡ ದಿನಾ ಇದ್ರ ಆಗಾಕಿಲ್ಲೇನು, ಹುಡುಗ ಒಬ್ಬನ ಅದಾನ" ಎಂದು ಎರಡು ಸಲ ಹೇಳಿದರು. ಎಮ್ಮೆ ಈಯುವುದಿದೆ ಎಂದಳು ಅಕ್ಕ. ಬದುವಿನ ಮೇಲೆ ಅವಳು ಮುಂದೆ, ಮಾಮಾ ಹಿಂದೆ. ಹೋಗುವಾಗ ಮಾಮಾ ನನ್ನ ಭುಜ ಹಿಡಿದು, "ನಾ ಕುಂತ ಕುರ್ಚಿ ಚಲೋ ಐತಿ. ಖರೇನ" ಅಂದರು. ಅವರನ್ನು ಅಣಕಿಸುವ ಮನಸ್ಸು ನನಗೆ ಅಂದಿನಿಂದ ಹೋಯಿತು. ಬಟ್ಟಲು ಅಕ್ಕನ ಚೀಲದಲ್ಲಿತ್ತು.

ಹಿಂಗಾರಿ ಬಿತ್ತಿಗೆಗೆ ಅವಳನ್ನು ಕರೆಯಬೇಕಿತ್ತು. ಕರೆದು ಯಾರದೋ ಕೂರಿಗೆಯ ಹಿಂದೆ ನಿಲ್ಲಿಸಲೇ ಎಂದು ಹೋಗಲಿಲ್ಲ. ಇದೂ ಒಂದು ನೆಪವೇ. ಅವಳ ಮುಂದೆ ನಿಲ್ಲಲು ನನಗೆ ಮೋರೆ ಇರಲಿಲ್ಲ. ಪಕ್ಕದವರ ಕೂರಿಗೆ ಬಂತು, ಕೂಲಿಯ ಹೆಂಗಸೊಬ್ಬಳು ಕಾಳು ಬಿಟ್ಟಳು, ಬಿಳಿಜೋಳ ಬಿತ್ತಿದೆವು. ಎಂಟು ಹತ್ತು ದಿನಕ್ಕೆ ಮೊಳಕೆ ಎದ್ದಿತು. ಕರಿಮಣ್ಣಿನ ಮೇಲೆ ದಾರ ಹಿಡಿದು ಎಳೆದ ಹಾಗೆ ಸಾಲುಗಳು. ಒಂದು ಕಡೆಯೂ ದಟ್ಟವಿಲ್ಲ, ಒಂದು ಕಡೆಯೂ ಖಾಲಿಯಿಲ್ಲ. ಆ ಹೆಂಗಸಿನ ಕೈ ಅಕ್ಕನ ಕೈಯಷ್ಟೇ ಚೆನ್ನಾಗಿತ್ತು. ಬದುವಿನ ಮೇಲೆ ನಿಂತು ಅದನ್ನು ನೋಡಿದಾಗ ಬೆಳೆ ಚೆನ್ನಾಗಿದೆ ಎಂಬ ಸಂತೋಷವೇ ಬರಲಿಲ್ಲ.

ದೀಪಾವಳಿಯ ಹೊತ್ತಿಗೆ ಅಕ್ಕನ ಕಾರ್ಡು ಬಂತು. ನಾಲ್ಕನೆಯ ಇಯತ್ತೆಯವರೆಗೆ ಕಲಿತ ದುಂಡನೆಯ ಅಕ್ಷರ. ಎಮ್ಮೆ ಈದದ್ದು, ಮಾಮಾನ ಮೊಳಕಾಲ ನೋವು, ಆಮೇಲೆ ಕೊನೆಗೆ ಒಂದು ಸಾಲು: "ಜ್ವಾಳ ಹೆಂಗ ಎದ್ದಾವ?"

ನಾನು ಕರಿ ಟೇಬಲ್ಲಿನ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ಅವನ್ನು ಮಾಡಿಸಿದ ಮೇಲೆ ಅವುಗಳಿಂದ ಆದ ಮೊದಲ ಕೆಲಸ ಅದು. ಕ್ಷೇಮ ಸಮಾಚಾರ ಬರೆದು, ಕಿಟಕಿಯಿಂದ ಹೊರಗೆ ಆ ನೆಟ್ಟಗಿನ ಸಾಲುಗಳನ್ನು ನೋಡುತ್ತ, ಸಾಲು ಸರಿಯಾಗಿ ಬಿದ್ದಿಲ್ಲ ಎಂದು ಬರೆದೆ. ಕೆಲವು ಕಡೆ ಗುಂಪಾಗಿ ಎದ್ದಿದೆ, ಕೆಲವು ಕಡೆ ಮಾರುದ್ದ ಖಾಲಿ. ಕೂಲಿಯವಳಿಗೆ ಕಾಳು ಬಿಡಲು ಬರುವುದಿಲ್ಲ. ಹೊಸ ಕೂರಿಗೆಗೆ ಊರ ಬಡಿಗೇರನಿಗೆ ಹೇಳಿದ್ದೇನೆ, ಅವನು ಬೈದ, ಆದರೆ ಒಪ್ಪಿದ್ದಾನೆ. ಮುಂದಿನ ಬಿತ್ತಿಗೆಗೆ ಕರೆಯಲು ಬರುತ್ತೇನೆ, ಬಟ್ಟಲು ತೆಗೆದುಕೊಂಡು ಬಾ.

ಬಡಿಗೇರನ ಬಗ್ಗೆ ಬರೆದದ್ದು ನಿಜವಾಗಿತ್ತು, ಬೈದದ್ದು ಕೂಡ. ಜೋಳದ ಮಾತನ್ನು ಇನ್ನೊಮ್ಮೆ ಓದಿ, ಹಾಗೆಯೇ ಬಿಟ್ಟೆ. ಟಪ್ಪಾಲಿನವನು ನಮ್ಮ ಹೊಲದ ಕಡೆ ಬರುವುದು ಎರಡು ದಿನಕ್ಕೊಮ್ಮೆ. ಅಷ್ಟು ತಡೆಯಲಾಗದೆ, ಕಾರ್ಡನ್ನು ಡಬ್ಬಿಗೆ ಹಾಕಲು ಮುರಗೋಡದವರೆಗೆ ನಡೆದೇ ಹೋದೆ.